ಪಾಪ ಮತ್ತು ಮೈಲಿಗೆ

‘ಸಂಸ್ಕಾರ’ದ ಕತೆ ಶುರುವಾಗುವ ಹೊತ್ತಿಗೆ ನಾರಣಪ್ಪ ಸತ್ತಿದ್ದಾನೆ. ದೂರ್ವಾಸಪುರದ ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಅದು ಎದ್ದು ಹೋಗುವ ತನಕ ಯಾರ ಮನೆಯಲ್ಲೂ ಪೂಜೆಯಿಲ್ಲ, ಊಟವಿಲ್ಲ. ಎತ್ತಬೇಕಾದವರು ಯಾರು? ಸತ್ತವನು ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡವನು, ಮುಸಲ್ಮಾನ ಗೆಳೆಯರ ಜೊತೆ ಕೂತು ಮಾಂಸ ತಿಂದವನು, ದೇವಸ್ಥಾನದ ಹೊಂಡದಲ್ಲಿ ಮೀನು ಹಿಡಿದವನು. ಆದರೂ ಅವನಿಗೆ ಬಹಿಷ್ಕಾರ ಹಾಕುವ ಧೈರ್ಯ ಅಗ್ರಹಾರಕ್ಕೆ ಇರಲಿಲ್ಲ. ಹಾಗಾಗಿ ಸತ್ತ ಮೇಲೂ ಅವನು ಅವರವನೇ. ಬಿಸಿಲಿಗೆ ಹೆಣ ನಾರುತ್ತದೆ, ಪಂಡಿತರು ತಾಳೆಗರಿ ಮಗುಚುತ್ತಾರೆ. ಕಡೆಗೆ ಯಾರಿಗೂ ಗೊತ್ತಾಗದಂತೆ ಚಂದ್ರಿಯೇ ಒಬ್ಬ ಮುಸಲ್ಮಾನನ ನೆರವು ಪಡೆದು ರಾತ್ರೋರಾತ್ರಿ ಸುಟ್ಟು ಬರುತ್ತಾಳೆ. ಅನಂತಮೂರ್ತಿಯವರ ಈ ಕಾದಂಬರಿ ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಪಂಡಿತ ಪ್ರಾಣೇಶಾಚಾರ್ಯರಾದವರು ಗಿರೀಶ್ ಕಾರ್ನಾಡ್, ಚಂದ್ರಿಯಾದವರು ಸ್ನೇಹಲತಾ ರೆಡ್ಡಿ. ನಾರಣಪ್ಪನಾದವರು ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಪಾಳ್ಯ ಲಂಕೇಶ್.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ಮೊದಲು ತಡೆಯಿತು. ತಡೆ ತೆರವಾದ ಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು.

ಪಾತ್ರ ಹಂಚಿದವರಿಗೆ ಹತ್ತು ವರ್ಷದ ಮುಂದಿನದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ 1980ರಿಂದ 2000ದ ಜನವರಿವರೆಗೆ ಕನ್ನಡದ ಓದುಗರು ಲಂಕೇಶರ ಪತ್ರಿಕೆಯಲ್ಲಿ ವಾರ ವಾರ ಕಂಡದ್ದು ಹೆಚ್ಚುಕಡಿಮೆ ಇದೇ ನಾರಣಪ್ಪನನ್ನು: ಅಗ್ರಹಾರದ ಒಳಗೇ ಮನೆ ಮಾಡಿಕೊಂಡು, ಅಗ್ರಹಾರ ಮುಚ್ಚಿಟ್ಟದ್ದನ್ನು ಜಗಲಿಗೆ ತಂದು ಸುರಿಯುವ ಒಬ್ಬ ಮನುಷ್ಯನನ್ನು. ವ್ಯತ್ಯಾಸ ಇಷ್ಟೇ. ಈ ಅಗ್ರಹಾರದಲ್ಲಿ ಮಂತ್ರಿಗಳಿದ್ದರು, ಮಠಾಧಿಪತಿಗಳಿದ್ದರು, ಕುಲಪತಿಗಳು, ಕವಿಗಳು, ಸಿನಿಮಾ ನಟರು, ಬಂಡಾಯದ ಭಾಷಣಕಾರರು ಎಲ್ಲರೂ ಇದ್ದರು.

ಲಂಕೇಶರ ಧರ್ಮದ ನಿಲುವೇನು ಎಂದು ಕೇಳಿದರೆ ‘ನಾಸ್ತಿಕ’ ಎಂಬ ಒಂದು ಪದ ಬರೆದು ಕೈತೊಳೆದುಕೊಳ್ಳಬಹುದು. ಅದು ಸುಳ್ಳೂ ಅಲ್ಲ. ಆದರೆ ಅವರ ಕತೆ, ನಾಟಕ, ಸಂಪಾದಕೀಯಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವವರಿಗೆ ಆ ಪದ ಸಾಲುವುದಿಲ್ಲ. ದೇವರು ಇದ್ದಾನೋ ಇಲ್ಲವೋ ಎಂಬ ವಾದದಲ್ಲಿ ಅವರಿಗೆ ಹೆಚ್ಚು ಆಸಕ್ತಿ ಇದ್ದಂತೆ ಕಾಣುವುದಿಲ್ಲ. ಅವರನ್ನು ಕಾಡಿದ್ದು ಅದಕ್ಕಿಂತ ಹಳೆಯದಾದ, ಮನೆಯ ಅಡುಗೆಕೋಣೆಗೂ ಬಚ್ಚಲಿಗೂ ಹತ್ತಿರವಾದ ಒಂದು ವಿಚಾರ. ಒಂದೇ ಮಾತಿನಲ್ಲಿ ಹೇಳುವುದಾದರೆ ಲಂಕೇಶ್ ಪಾಪವನ್ನು ನಂಬಿದ್ದರು, ಮೈಲಿಗೆಯನ್ನು ನಂಬಿರಲಿಲ್ಲ.

ಇವೆರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಎರಡರ ಹುಟ್ಟೇ ಬೇರೆ. ಪಾಪವನ್ನು ಮನುಷ್ಯ ತಾನೇ ಮಾಡಬೇಕು. ಸುಳ್ಳು ಹೇಳಿಯೋ, ಕದ್ದೋ, ಇನ್ನೊಬ್ಬರ ಅನ್ನ ಕಸಿದೋ. ಮೈಲಿಗೆ ಆಗುವುದಕ್ಕೆ ಏನೂ ಮಾಡಬೇಕಾಗಿಲ್ಲ, ಅದು ಬಂದು ತಗಲುತ್ತದೆ. ಹೆಣ ಮುಟ್ಟಿದರೆ, ಮುಟ್ಟಾದರೆ, ‘ಆಚೆ ಕೇರಿ’ಯವನ ನೆರಳು ಬಿದ್ದರೆ. ಪಾಪ ಕಳೆಯಲು ಒಳಗೆ ಏನಾದರೂ ಬದಲಾಗಬೇಕು. ಮೈಲಿಗೆ ಕಳೆಯಲು ಎರಡು ಚೊಂಬು ನೀರು ಸಾಕು. ನೂರಾರು ಎಕರೆ ನುಂಗಿದವನು ಬೆಳಗಿನ ಸ್ನಾನ ಮುಗಿಸಿ ಮಡಿಯಾಗಿ ಕೂರಬಹುದು. ಜನ್ಮದಲ್ಲಿ ಯಾರಿಗೂ ಕೇಡು ಬಗೆಯದ ಚಂದ್ರಿ ಸಾಯುವ ತನಕ ಮೈಲಿಗೆ. ಕನ್ನಡ ಮಾತೇ ಇಲ್ಲಿ ಒಂದು ಸುಳಿವು ಕೊಡುತ್ತದೆ. ಬಿದ್ದವನನ್ನು ಕಂಡು ‘ಅಯ್ಯೋ ಪಾಪ!’ ಅನ್ನುತ್ತೇವೆ. ಪಾಪ ಎನ್ನುವ ಪದಕ್ಕೆ ನಮ್ಮಲ್ಲಿ ಕರುಣೆಯ ಅರ್ಥವೂ ಬಂದಿದೆ. ‘ಅಯ್ಯೋ ಮೈಲಿಗೆ’ ಎಂದು ಯಾರೂ ಕನಿಕರಪಟ್ಟದ್ದಿಲ್ಲ.

ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ, ಲಿಂಗಾಯತ ರೈತ ಮನೆಯಲ್ಲಿ. ರಾಮನ ಹೆಸರು ಊರು ತುಂಬ ಇರುವ ನಾಡಿನಲ್ಲಿ ಮಗುವಿಗೆ ರಾವಣನ ಹೆಸರಿಟ್ಟದ್ದು ನಗರದವರಿಗೆ ವಿಚಿತ್ರ ಅನ್ನಿಸಬಹುದು. ಶಿವನ ಮನೆಗಳಲ್ಲಿ ಅದು ದೊಡ್ಡ ಸಂಗತಿಯಲ್ಲ. ರಾವಣ ಅವರಿಗೆ ಮೊದಲು ಶಿವಭಕ್ತ. ಆ ಮನೆಗಳ ಧರ್ಮಕ್ಕೆ ಇನ್ನೊಂದು ವಿಶೇಷವಿದೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದ್ದರು. ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲಿನ ಸೂತಕ, ಜಾತಿಯ ಸೂತಕ, ಈ ಐದೂ ಲಿಂಗವಂತನಿಗೆ ಇಲ್ಲ. ಅಂದರೆ ಮೈಲಿಗೆಯನ್ನು ನಂಬದಿರುವುದು ಲಂಕೇಶರು ಪಶ್ಚಿಮದ ಪುಸ್ತಕಗಳಿಂದ ಕಲಿತ ವಿದ್ಯೆಯಲ್ಲ, ಅವರ ಮನೆತನದ ಶಾಸ್ತ್ರದಲ್ಲೇ ಅದು ಇತ್ತು. ಶಾಸ್ತ್ರದಲ್ಲಿ ಇದ್ದದ್ದು ಹಟ್ಟಿಯಲ್ಲಿ ಇರಲಿಲ್ಲ ಎನ್ನುವುದು ಬೇರೆ ವಿಷಯ. ಅವರ ಜಗಳ ಹುಟ್ಟಿದ್ದು ಇಲ್ಲಿ.

ಪಿಯುಸಿ ಪಠ್ಯದಲ್ಲಿ ‘ಮುಟ್ಟಿಸಿಕೊಂಡವನು’ ಕತೆ ಓದಿದವರು ಕನ್ನಡನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಣ್ಣುನೋವು ಬಂದ ರೈತ ಆಸ್ಪತ್ರೆಗೆ ಹೋಗುತ್ತಾನೆ. ಡಾಕ್ಟರ್ ತಿಮ್ಮಪ್ಪ ಶಸ್ತ್ರಚಿಕಿತ್ಸೆ ಮಾಡಿ, ಕಣ್ಣಿಗೆ ನೀರು ಸೋಕಿಸಬೇಡ ಅನ್ನುತ್ತಾರೆ. ತನ್ನ ಕಣ್ಣು ಮುಟ್ಟಿದ ಡಾಕ್ಟರು ಯಾವ ಜಾತಿಯವರು ಎಂಬುದು ರೈತನ ತಲೆಗೆ ಹೊಕ್ಕುತ್ತದೆ. ಅಸ್ಪೃಶ್ಯ ಜಾತಿಯವರು ಎಂದ ಮೇಲೆ ಅವನಿಗೆ ಮೈ ತೊಳೆದುಕೊಳ್ಳದೆ ಇರಲಾಗುವುದಿಲ್ಲ. ಸ್ನಾನ ಮಾಡುತ್ತಾನೆ, ಕಣ್ಣು ಕೆಡುತ್ತದೆ. ಈ ರೈತನಿಗೆ ಲಂಕೇಶ್ ಇಟ್ಟ ಹೆಸರು ಬಸಲಿಂಗ. ಹೆಸರಿನಲ್ಲೇ ಬಸವನೂ ಇದ್ದಾನೆ, ಲಿಂಗವೂ ಇದೆ. ಪಂಚಸೂತಕ ಕಳೆದ ಪರಂಪರೆಯ ಕುಡಿ ಎಂಟುನೂರು ವರ್ಷಗಳ ನಂತರ ಸೂತಕ ಕಳೆಯಲು ಹೋಗಿ ಕಣ್ಣು ಕಳೆದುಕೊಳ್ಳುತ್ತಾನೆ. ಎಷ್ಟು ಭಾಷಣ ಮಾಡಿದರೂ ಇಷ್ಟು ಹೇಳಲಾಗದು. ಗಮನಿಸಬೇಕಾದ್ದು ಇನ್ನೊಂದಿದೆ. ಕತೆ ಬಸಲಿಂಗನನ್ನು ಹಂಗಿಸುವುದಿಲ್ಲ. ಅವನು ಕೆಟ್ಟವನಲ್ಲ, ಭಯಪಟ್ಟವನು. ಓದುಗನ ಬಾಯಿಂದ ‘ಅಯ್ಯೋ ಪಾಪ’ ಬರುವುದು ಡಾಕ್ಟರ್ ತಿಮ್ಮಪ್ಪನವರ ಬಗ್ಗೆ ಮಾತ್ರವಲ್ಲ, ಇವನ ಬಗ್ಗೆಯೂ.

1971ರ ‘ಸಂಕ್ರಾಂತಿ’ ನಾಟಕ ಇದಕ್ಕಿಂತ ಕಠೋರ. ಕಲ್ಯಾಣದ ಕತೆಯನ್ನು ಹೇಳಲು ಹೊರಟವರು ಸಾಮಾನ್ಯವಾಗಿ ಬಸವಣ್ಣನನ್ನು ನಡುವೆ ನಿಲ್ಲಿಸಿ ದೀಪ ಹಚ್ಚುತ್ತಾರೆ. ಲಂಕೇಶ್ ದೀಪವನ್ನು ಕೇರಿಯ ಕಡೆ ತಿರುಗಿಸಿದರು. ಅಲ್ಲಿ ಉಜ್ಜನಿದ್ದಾನೆ, ರುದ್ರನಿದ್ದಾನೆ. ರುದ್ರನಿಗೆ ಒಲಿದ ಬ್ರಾಹ್ಮಣರ ಹುಡುಗಿ ಉಷಾ ಇದ್ದಾಳೆ. ರುದ್ರ ಶರಣನಾಗುತ್ತಾನೆ. ಹೆಂಡ ಬಿಡಬೇಕು, ಮಾಂಸ ಬಿಡಬೇಕು, ಹಳೆಯ ದೇವರುಗಳನ್ನು ಬಿಡಬೇಕು, ಮಾತಿನ ಧಾಟಿಯೇ ಬದಲಾಗಬೇಕು. ಹಾಗಾದ ಮೇಲೆ ಉಳಿದವನು ರುದ್ರನೇ? ಮೈಲಿಗೆಯನ್ನು ಒಪ್ಪದ ಧರ್ಮ ಕೇರಿಯವನನ್ನು ಒಳಗೆ ಕರೆದುಕೊಳ್ಳುವ ಮೊದಲು ಅವನನ್ನು ತೊಳೆಯಲು ಹೊರಟಿದೆಯಲ್ಲ, ಇದೂ ಒಂದು ಮಡಿಯಲ್ಲವೇ? ಈ ಪ್ರಶ್ನೆಯನ್ನು ಲಿಂಗಾಯತ ಮನೆಯಿಂದ ಬಂದ ಲೇಖಕ ಕೇಳಿದ. ಬಸವಣ್ಣನ ಮೇಲಿನ ಪ್ರೀತಿ ಕಡಿಮೆಯಾಗಿ ಕೇಳಿದ್ದಲ್ಲ. ನಾಟಕದಲ್ಲಿ ಬಸವಣ್ಣ ಸಣ್ಣವನಾಗುವುದೂ ಇಲ್ಲ. ಕ್ರಾಂತಿ ಮಾಡುವವರಿಗೆ ತಮ್ಮ ಶುದ್ಧಿಯ ಬಗ್ಗೆ ಇರುವ ನಂಬಿಕೆ ಮಾತ್ರ ಅಲ್ಲಿ ಪರೀಕ್ಷೆಗೆ ಬಿದ್ದಿದೆ.

ಆಗ ಇಂಥ ಪ್ರಶ್ನೆ ಕೇಳುವುದು ಸಾಧ್ಯವಿತ್ತು ಎನ್ನುವುದನ್ನೂ ಇಲ್ಲೇ ಹೇಳಬೇಕು. ಕಲ್ಯಾಣವನ್ನು ಕುರಿತೇ ಬರೆದ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ವನ್ನು ತೊಂಬತ್ತರ ದಶಕದಲ್ಲಿ ಪಠ್ಯದಿಂದ ತೆಗೆಯಿರಿ ಎಂದು ಬೀದಿಗೆ ಇಳಿದರು. ಪಿ.ವಿ. ನಾರಾಯಣರ ‘ಧರ್ಮಕಾರಣ’ವನ್ನು ಸರ್ಕಾರವೇ ನಿಷೇಧಿಸಿತು. 1989ರಲ್ಲಿ ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನೆಯ ಮಾತನ್ನು ಮಠದ ಮುಂದೆ ಹಿಂತೆಗೆದುಕೊಳ್ಳಬೇಕಾಯಿತು. ಅದು ತನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡರು.

ಬೋದಿಲೇರ್‌ನ ಕವಿತೆಗಳನ್ನು ಲಂಕೇಶ್ ಕನ್ನಡಕ್ಕೆ ತಂದು ‘ಪಾಪದ ಹೂಗಳು’ ಎಂದು ಕರೆದದ್ದೂ ಇದೇ ದಾರಿಯ ಕೆಲಸ. 1857ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಆ ಪುಸ್ತಕದ ಆರು ಕವಿತೆಗಳನ್ನು ನಿಷೇಧಿಸಿ ಕವಿಗೆ ದಂಡ ಹಾಕಿತ್ತು. ತಮಾಷೆಯೆಂದರೆ ಧರ್ಮನಿಂದೆಯ ಆರೋಪ ನಿಲ್ಲಲಿಲ್ಲ, ಸಾರ್ವಜನಿಕ ನೀತಿಗೆ ಧಕ್ಕೆಯೆಂಬುದು ನಿಂತಿತು. ಹಾಗೆ ನೋಡಿದರೆ ಬೋದಿಲೇರ್‌ನಷ್ಟು ಪಾಪಪ್ರಜ್ಞೆ ಇದ್ದ ಕವಿಗಳು ಕಡಿಮೆ. ಸೂಳೆಗೇರಿ, ಹೆಂಡ, ಕೊಳೆತ ಪ್ರಾಣಿಯ ದೇಹ ಯಾವುದೂ ಅವನಿಗೆ ಮೈಲಿಗೆಯಲ್ಲ. ತನ್ನೊಳಗಿನ ಬೇಸರ ಮತ್ತು ಕಪಟ ಮಾತ್ರ ಪಾಪ. ಶಿವಮೊಗ್ಗದ ಕಡೆಯ ಹಳ್ಳಿಯಿಂದ ಬಂದ ಮೇಷ್ಟ್ರಿಗೆ ಪ್ಯಾರಿಸ್ಸಿನ ಕವಿ ಹತ್ತಿರದವನಾಗಿ ಕಂಡದ್ದು ಯಾಕೆ ಎಂದು ಊಹಿಸುವುದು ಕಷ್ಟವಲ್ಲ. ಅವರ ‘ಅವ್ವ’ ಕವಿತೆಯ ತಾಯಿಯೂ ಪುರಾಣದ ಪತಿವ್ರತೆಯರ ಸಾಲಿಗೆ ಸೇರುವವಳಲ್ಲ. ಅವಳು ಹೊಲದ ಹೆಣ್ಣು, ಬೈಯುತ್ತಾಳೆ, ದುಡಿಯುತ್ತಾಳೆ, ಮಣ್ಣಿನ ಜೊತೆ ಬದುಕುತ್ತಾಳೆ. ಪಾವಿತ್ರ್ಯದ ಪಟ್ಟ ಅವಳಿಗೆ ಬೇಕಾಗಿಲ್ಲ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದು ಮೈಸೂರಿನಲ್ಲಿ ಹೇಳಿದರು. ಗಲಭೆಯಾಯಿತು, ಕೊನೆಗೆ ಅವರು ಅಧಿಕಾರ ಬಿಟ್ಟರು. ಮರುವರ್ಷ ಅದೇ ಮೈಸೂರಿನಲ್ಲಿ ಬರಹಗಾರರ ಮತ್ತು ಕಲಾವಿದರ ಒಕ್ಕೂಟದ ಸಮ್ಮೇಳನ ಸೇರಿತು. ಉದ್ಘಾಟಿಸಿದವರು ಕುವೆಂಪು. ತೇಜಸ್ವಿ, ಕೆ. ರಾಮದಾಸ್, ಲಂಕೇಶ್ ಮೊದಲಾದವರು ಅದರ ಹಿಂದಿದ್ದರು. ನಡುವೆ ಸಿನಿಮಾ ಬಂತು. ತಮ್ಮದೇ ‘ಬಿರುಕು’ ಕಾದಂಬರಿಯನ್ನು ಲಂಕೇಶ್ ‘ಪಲ್ಲವಿ’ ಮಾಡಿದರು, 1976ರ ಸಾಲಿನ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಗೆದ್ದರು. ಇನ್ನೆರಡು ಮೂರು ಚಿತ್ರ ಮಾಡಿದರು. ಆಮೇಲೆ ಪೆನ್ಷನ್ ಬರುವ ಮೇಷ್ಟ್ರಗಿರಿಯನ್ನೂ ಬಿಟ್ಟು ವಾರಪತ್ರಿಕೆ ಶುರುಮಾಡಿದರು. ನಲವತ್ತೈದನೆಯ ವಯಸ್ಸು, ಹೆಂಡತಿ, ಮೂರು ಮಕ್ಕಳು. ಬುದ್ಧಿ ನೆಟ್ಟಗಿರುವ ಯಾರೂ ಮಾಡದ ಕೆಲಸ.

‘ಲಂಕೇಶ್ ಪತ್ರಿಕೆ’ಯ ವಿಳಾಸ ಬಸವನಗುಡಿಯ ಪೂರ್ವ ಆಂಜನೇಯ ದೇವಸ್ಥಾನದ ಬೀದಿ. ಆಂಜನೇಯನ ಬೀದಿಯಲ್ಲಿ ಲಂಕೇಶನ ಬಾವುಟ ಹಾರಿತ್ತು. ಈ ಚೋದ್ಯವನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ಪತ್ರಿಕೆ ಕಪ್ಪು-ಬಿಳುಪಿನ ಟ್ಯಾಬ್ಲಾಯ್ಡ್. ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗ ಕೊಟ್ಟ ಕಾಸಿನಲ್ಲೇ ಕಾಗದ, ಮಸಿ, ಸಂಬಳ ಎಲ್ಲ ನಡೆಯಬೇಕಿತ್ತು. ಗಾಂಧಿ ತಮ್ಮ ಪತ್ರಿಕೆಗಳನ್ನು ಹೀಗೇ ನಡೆಸಿದ್ದರು. ಆದರೆ ಗಾಂಧಿಯ ಪತ್ರಿಕೆಯಲ್ಲಿ ಸಿನಿಮಾ ಸುದ್ದಿ, ಚೇಷ್ಟೆ, ಹಾದರದ ಪ್ರಸ್ತಾಪ ಇರಲಿಲ್ಲ. ಇಲ್ಲಿ ಎಲ್ಲವೂ ಇತ್ತು. ‘ಟೀಕೆ-ಟಿಪ್ಪಣಿ’ಯಲ್ಲಿ ಒಂದು ವಾರ ಬುದ್ಧ, ಇನ್ನೊಂದು ವಾರ ಅಲ್ಲಮ, ಮತ್ತೊಂದು ವಾರ ಯಾವುದೋ ನಿಗಮದ ಅಧ್ಯಕ್ಷ. ಪುಟದ ಮೂಲೆಯಲ್ಲಿ ‘ನೀಲು’ ಎಂಬ ಹೆಣ್ಣಿನ ದನಿಯ ನಾಲ್ಕು ಸಾಲು. ಪ್ರೀತಿ, ಕಾಮ, ಸಾವು ಎಲ್ಲವನ್ನೂ ಅವಳು ಸಂಕೋಚವಿಲ್ಲದೆ ಮಾತಾಡುತ್ತಿದ್ದಳು. ಹಳ್ಳಿಯ ಕಟಿಂಗ್ ಶಾಪಿನಿಂದ ವಿಶ್ವವಿದ್ಯಾಲಯದ ಹಾಸ್ಟೆಲಿನವರೆಗೆ ಒಂದೇ ಪ್ರತಿಯನ್ನು ಹತ್ತು ಜನ ಓದಿದರು. ಪರಿಚಿತರ ಬಾಯಲ್ಲಿ ಸಂಪಾದಕರು ಕೊನೆಯ ತನಕವೂ ‘ಮೇಷ್ಟ್ರು’.

ಪತ್ರಿಕೆಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ ‘ಗುಂ’ ಆದರು, ಬಂಗಾರಪ್ಪ ‘ಬಂ’ ಆದರು. ಕನ್ನಡದ ಸುದ್ದಿಮನೆಗಳಲ್ಲಿ ಅಲ್ಲಿಯವರೆಗೆ ಮುಖ್ಯಮಂತ್ರಿಗೆ ‘ಮಾನ್ಯ’ ಎನ್ನುವ ಪದ ಅಂಟಿಕೊಂಡೇ ಇರುತ್ತಿತ್ತು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆಯವರು ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದಾಗ, ಆ ಸೋಲಿನಲ್ಲಿ ಪತ್ರಿಕೆಯ ಪಾಲು ಎಷ್ಟು ಎಂಬ ಚರ್ಚೆ ಬಹಳ ಕಾಲ ನಡೆಯಿತು. ರೈತ ಚಳವಳಿ, ದಲಿತ ಚಳವಳಿ, ಗೋಕಾಕ್ ಚಳವಳಿಗಳನ್ನು ಮರೆತು ಎಲ್ಲ ಪುಣ್ಯವನ್ನೂ ಒಂದು ಪತ್ರಿಕೆಯ ಖಾತೆಗೆ ಬರೆಯುವುದು ಅತಿಯಾದೀತು. ಹೆಗಡೆಯವರನ್ನೂ ಲಂಕೇಶ್ ಬಿಡಲಿಲ್ಲ ಎನ್ನುವುದೇ ಹೆಚ್ಚು ಮುಖ್ಯ.

ಇಲ್ಲಿ ಒಂದು ತೊಡಕಿದೆ, ಅದನ್ನು ಲಂಕೇಶರ ಅಭಿಮಾನಿಗಳು ಹಾರಿಸಿಬಿಡುತ್ತಾರೆ. ಅಧಿಕಾರಸ್ಥರ ಪಾಪವನ್ನು ಹೇಳುವುದು ಪತ್ರಕರ್ತನ ಕೆಲಸ, ಸರಿ. ಆದರೆ ಅಡ್ಡಹೆಸರು? ಒಬ್ಬ ಮನುಷ್ಯನಿಗೆ ವಾರ ವಾರ ಒಂದೇ ಅಡ್ಡಹೆಸರು ಅಂಟಿಸಿದರೆ ಅವನು ಮಾಡಿದ್ದೇನು ಎಂಬುದು ಹಿಂದೆ ಸರಿದು ಅವನೇ ಒಂದು ನಗೆಪಾಟಲಿನ ವಸ್ತುವಾಗುತ್ತಾನೆ. ಅವನು ಏನು ಮಾಡಿದರೂ ಅದೇ. ಪತ್ರಿಕೆಯ ಪುಟಗಳಲ್ಲಿ ಹೀಗೆ ಮುಟ್ಟಬಾರದವರಾಗಿ ಹೋದ ಸಾಹಿತಿಗಳು, ಅಧ್ಯಾಪಕರು, ಅಧಿಕಾರಿಗಳು ಕಡಿಮೆಯಿಲ್ಲ. ಕೆಲವರು ನಿಜಕ್ಕೂ ತಪ್ಪಿತಸ್ಥರು. ಕೆಲವರ ಮನೆಯ ಸಂಸಾರದ ಮಾತು ಬೀದಿಗೆ ಬಂದದ್ದಕ್ಕೆ ಸಾರ್ವಜನಿಕ ಕಾರಣ ಯಾವುದೂ ಇರಲಿಲ್ಲ. ಮೈಲಿಗೆಯನ್ನು ಒಪ್ಪದ ಮನುಷ್ಯ ಮಸಿಯಿಂದ ಮೈಲಿಗೆ ಮಾಡುವ ವಿದ್ಯೆಯನ್ನು ಕನ್ನಡಕ್ಕೆ ಕಲಿಸಿಕೊಟ್ಟರು. ಅವರ ಹಿಂದೆ ಬಂದ ಟ್ಯಾಬ್ಲಾಯ್ಡುಗಳಲ್ಲಿ ಹಲವು ಬುದ್ಧ, ಅಲ್ಲಮರನ್ನು ಬಿಟ್ಟು ಈ ವಿದ್ಯೆಯೊಂದನ್ನು ಮಾತ್ರ ಕಲಿತವು.

ಲಂಕೇಶರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಇಸ್ಪೀಟು, ಕುದುರೆ ರೇಸು, ಗುಂಡು ಯಾವುದನ್ನೂ ಅವರು ಮುಚ್ಚಿಡಲಿಲ್ಲ. 1997ರ ಆತ್ಮಕತೆ ‘ಹುಳಿಮಾವಿನ ಮರ’ದ ಹೆಸರೇ ಸಿಹಿಹಣ್ಣಿನ ಆಸೆ ಹುಟ್ಟಿಸುವುದಿಲ್ಲ. ಸಂತನ ಪೀಠದಲ್ಲಿ ಕೂರಿಸಲು ಬಂದವರಿಗೆ ಕೂರುವ ಲಕ್ಷಣವೇ ತನ್ನಲ್ಲಿಲ್ಲ ಎಂದು ತೋರಿಸಿಕೊಟ್ಟರು. ತೊಂಬತ್ತರ ದಶಕದ ‘ಗುಣಮುಖ’ ನಾಟಕ ಓದಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ಕಾಣುತ್ತದೆ. 1739ರಲ್ಲಿ ದೆಹಲಿಯನ್ನು ಕೊಳ್ಳೆಹೊಡೆದ ನಾದಿರ್ ಶಹಾನಿಗೆ ಕಾಯಿಲೆ. ಬಂದ ವೈದ್ಯರೆಲ್ಲ ಅವನಿಗೆ ಹೆದರಿ ಸುಳ್ಳು ಹೇಳಿದವರು. ಹಕೀಮ ಅಲಾವಿಖಾನ್ ಬಗ್ಗುವುದಿಲ್ಲ, ಹೊಗಳುವುದಿಲ್ಲ. ಎದುರಿಗೆ ಕೂತವನು ಸಾವಿರಾರು ಜನರನ್ನು ಕೊಂದವನು ಎಂದು ಗೊತ್ತಿದ್ದೂ ರೋಗಿಯೆಂದೇ ನೋಡುತ್ತಾನೆ, ಮುಟ್ಟುತ್ತಾನೆ, ಅವನು ತನ್ನನ್ನು ತಾನು ಕಾಣುವ ಹಾಗೆ ಮಾಡುತ್ತಾನೆ. ಡಾಕ್ಟರ್ ತಿಮ್ಮಪ್ಪನವರ ಇನ್ನೊಂದು ಅವತಾರವೇ ಈ ಹಕೀಮ. ಪಾಪಿಯನ್ನು ಮೈಲಿಗೆಯೆಂದು ದೂರವಿಟ್ಟರೆ ಚಿಕಿತ್ಸೆ ಸಾಧ್ಯವಿಲ್ಲ ಎನ್ನುವುದನ್ನು ನಾಟಕಕಾರ ಲಂಕೇಶ್ ಕಂಡುಕೊಂಡಿದ್ದರು. ಸಂಪಾದಕ ಲಂಕೇಶರಿಗೆ ಪ್ರತಿ ವಾರವೂ ಅದು ನೆನಪಿರಲಿಲ್ಲ.

ಪತ್ರಿಕೆ ಮಾಡಿದ, ಸದ್ದಿಲ್ಲದ ಒಂದು ಕೆಲಸಕ್ಕೆ ಗುಂ-ಬಂಗಳಿಗಿಂತ ಆಯುಷ್ಯ ಹೆಚ್ಚು. 1981ರಲ್ಲಿ ಅಲ್ಲಿ ಧಾರಾವಾಹಿಯಾಗಿ ಬಂದದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ತಲಾಖ್ ಆದ ಗಂಡನನ್ನೇ ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕು ಎಂಬ ಕಟ್ಟಳೆಗೆ ಸಿಕ್ಕಿದ ನಾದಿರಾಳ ಕತೆ ಅದು. ಅವಳ ಕೊನೆ ಮಸೀದಿಯ ಕೆರೆಯಲ್ಲಿ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿದ್ದ ಗೃಹಿಣಿಯೊಬ್ಬರು ತಮ್ಮ ಜಮಾತಿನ ಒಳಗಿನ ಮಾತನ್ನು ಇಡೀ ಕನ್ನಡದ ಮುಂದೆ ಇಟ್ಟರು. ಹಾಸನದ ಬಾನು ಮುಷ್ತಾಕ್ ಪತ್ರಿಕೆಗೆ ವರದಿಗಾರ್ತಿಯಾದರು, ಆಮೇಲೆ ವಕೀಲೆಯಾದರು, ಕತೆಗಾರ್ತಿಯಾಗಿ ಬೆಳೆದರು. ಇದನ್ನು ‘ಮುಸ್ಲಿಮರನ್ನೂ ಟೀಕಿಸಿದರು, ಸಮತೋಲನ ಕಾಪಾಡಿದರು’ ಎಂದು ಹೊಗಳುವವರಿದ್ದಾರೆ. ಅದು ತಕ್ಕಡಿಯ ಲೆಕ್ಕ. ಲಂಕೇಶ್ ಮಾಡಿದ್ದು ಬೇರೆ: ಮುಸ್ಲಿಂ ಹೆಣ್ಣಿನ ಬಗ್ಗೆ ಬರೆಯಲು ಮುಸ್ಲಿಂ ಹೆಣ್ಣಿಗೇ ಪುಟ ಬಿಟ್ಟುಕೊಟ್ಟರು. ಹೊರಗೆ ನಿಂತು ಇನ್ನೊಬ್ಬರ ಧರ್ಮದ ಕೊಳೆ ಎಣಿಸುವುದು ಮೈಲಿಗೆಯ ಕಣ್ಣು. ಒಳಗಿದ್ದು ತನ್ನವರ ಪಾಪವನ್ನು ಹೇಳುವುದಕ್ಕೆ ಬೇರೆ ಎದೆಗಾರಿಕೆ ಬೇಕು. ಬಾನು ಅವರಿಗೆ ಅದರ ಬೆಲೆ ಗೊತ್ತಾಯಿತು. 2000ದಲ್ಲಿ, ಹೆಂಗಸರಿಗೂ ಮಸೀದಿಗೆ ಪ್ರವೇಶ ಬೇಕು ಎಂದದ್ದಕ್ಕೆ ಅವರ ಕುಟುಂಬ ತಿಂಗಳುಗಟ್ಟಲೆ ಬಹಿಷ್ಕಾರ ಎದುರಿಸಿತು. ಅವರ ಮೇಲೆ ಚೂರಿ ಎತ್ತಿದವನೂ ಇದ್ದ.

ಆ ವರ್ಷದ ಜನವರಿ 25ರಂದು ಲಂಕೇಶ್ ತೀರಿಕೊಂಡಿದ್ದರು.

ಹಿರಿಯ ಮಗಳು ಗೌರಿ ಅಷ್ಟರ ತನಕ ಇಂಗ್ಲಿಷ್ ಪತ್ರಿಕೋದ್ಯಮದವರು. ಅಪ್ಪನ ಕುರ್ಚಿಗೆ ಬಂದಾಗ ಅವರ ಕನ್ನಡ ಬರವಣಿಗೆ ಇನ್ನೂ ಕಲಿಕೆಯ ಹಂತದಲ್ಲಿತ್ತು. 2005ರಲ್ಲಿ ತಮ್ಮನೊಂದಿಗೆ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ ತೆಗೆದರು. ಅಪ್ಪನ ಗದ್ಯದ ಹದ ಮಗಳಿಗೆ ಬರಲಿಲ್ಲ, ಅಪ್ಪನ ಸಂಶಯವೂ ಬರಲಿಲ್ಲ. ಲಂಕೇಶ್ ಯಾವ ಗುಂಪಿನಲ್ಲೂ ಹೆಚ್ಚು ದಿನ ನಿಲ್ಲದವರು. ಗೌರಿ ಒಂದು ಪಕ್ಕವನ್ನು ಆಯ್ದುಕೊಂಡು ಅಲ್ಲೇ ನಿಂತರು. ಬಾಬಾಬುಡನ್‌ಗಿರಿಯ ದರ್ಗಾ-ದತ್ತಪೀಠದ ಪ್ರಶ್ನೆಯಲ್ಲಿ ಕೋಮು ಸೌಹಾರ್ದ ವೇದಿಕೆಯೊಂದಿಗೆ ಬೀದಿಗಿಳಿದರು, ಬಂಧನಕ್ಕೆ ಒಳಗಾದರು. ಪತ್ರಕರ್ತೆ ಹೋರಾಟಗಾರ್ತಿಯಾಗಬಹುದೇ ಎಂಬ ಗೊಣಗು ಸುದ್ದಿಮನೆಗಳಲ್ಲಿ ಆಗ ಬಹಳ ಇತ್ತು. ಅಪ್ಪನಲ್ಲಿ ಕಾಣದ ಒಂದು ಗುಣ ಅವರಲ್ಲಿ ಕಾಣುತ್ತಿತ್ತು ಎನ್ನುವುದನ್ನು ಗೊಣಗಿದವರು ನೋಡಲಿಲ್ಲ. ಬಂದೂಕು ಹಿಡಿದು ಕಾಡಿಗೆ ಹೋದವರನ್ನು ಊರಿಗೆ ವಾಪಸು ಕರೆತರುವ ಕೆಲಸದಲ್ಲಿ ಎಚ್.ಎಸ್. ದೊರೆಸ್ವಾಮಿಯಂಥ ಹಿರಿಯರ ಜೊತೆ ಗೌರಿ ಕೈಜೋಡಿಸಿದರು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದರು. ತಪ್ಪುದಾರಿ ಹಿಡಿದವನು ಮರಳಿ ಬರಬಹುದು ಎಂದು ನಂಬುವವರಿಗೆ ಮಾತ್ರ ಈ ಕೆಲಸ ಮಾಡಲು ಸಾಧ್ಯ. ಹಕೀಮನ ಪಾಠ ಮಗಳಿಗೆ ತಲುಪಿತ್ತು.

ಸಂಸಾರದ ಹಳೆಯ ಪ್ರಶ್ನೆಯೂ ಮತ್ತೆ ಬಂತು. ಲಿಂಗಾಯತ ಪ್ರತ್ಯೇಕ ಧರ್ಮವೇ ಎಂಬ ಚರ್ಚೆ 2017ರಲ್ಲಿ ಬೀದಿ ಬೀದಿಯಲ್ಲಿ ನಡೆದಾಗ ಗೌರಿ, ಬಸವಣ್ಣನ ಬಂಡಾಯ ಹಿಂದೂ ವ್ಯವಸ್ಥೆಯ ಹೊರಗಿನದು ಎಂಬ ಪಕ್ಷ ವಹಿಸಿ ಬರೆದರು. ‘ಸಂಕ್ರಾಂತಿ’ ಬರೆದವರು ಬದುಕಿದ್ದರೆ ಮಗಳಿಗೆ ಒಂದೆರಡು ಅಡ್ಡಪ್ರಶ್ನೆ ಹಾಕುತ್ತಿದ್ದರೇನೋ. ಧರ್ಮ ಪ್ರತ್ಯೇಕವಾದರೆ ಬಸಲಿಂಗನ ಸ್ನಾನ ನಿಲ್ಲುತ್ತದೆಯೇ ಎಂದು.

2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದ ಮನೆಯ ಬಾಗಿಲಲ್ಲಿ ಗೌರಿಯವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ಹಿಂದೆ, ಆಗಸ್ಟ್ 30ರಂದು, ಧಾರವಾಡದಲ್ಲಿ ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದಿದ್ದರು. ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ವಿಶೇಷ ತನಿಖಾ ತಂಡದ ದೋಷಾರೋಪ ಪಟ್ಟಿಯ ಪ್ರಕಾರ ಕೊಂದವರಿಗೂ ಗೌರಿಗೂ ವೈಯಕ್ತಿಕ ಹಗೆ ಏನೂ ಇರಲಿಲ್ಲ. ಗೌರಿ ನಂಬಿದ, ಬರೆದ, ಮಾತಾಡಿದ ವಿಚಾರಕ್ಕಾಗಿ ಕೊಲೆ ನಡೆಯಿತು. ಪಾಪದ ಲೆಕ್ಕದಲ್ಲಿ ಇದು ಅರ್ಥವಾಗುವುದಿಲ್ಲ. ಪಾಪ ಮಾಡಿದ್ದಾರೆ ಎಂದು ಭಾವಿಸಿದವರು ವಾದಕ್ಕೆ ಬರಬಹುದು, ಕೋರ್ಟಿಗೆ ಹೋಗಬಹುದು. ಹೋದವರೂ ಇದ್ದರು. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟ ಪ್ರಕರಣದಲ್ಲಿ ಗೌರಿಯವರಿಗೆ ಆರು ತಿಂಗಳ ಸೆರೆ ವಿಧಿಸಿತ್ತು, ಅವರು ಜಾಮೀನಿನ ಮೇಲೆ ಹೊರಗಿದ್ದರು. ಗುಂಡು ಹಾರಿಸಿದವರಿಗೆ ಅವರು ಅಪರಾಧಿಯಾಗಿ ಕಾಣಲಿಲ್ಲ, ತೊಳೆದು ತೆಗೆಯಬೇಕಾದ ಕೊಳೆಯಾಗಿ ಕಂಡರು.

ಮಾರನೆಯ ದಿನ ಕಲಾಕ್ಷೇತ್ರದ ಆವರಣದಲ್ಲಿ ಸಾವಿರಾರು ಜನ ಸೇರಿದರು. ಸಂಜೆ ಚಾಮರಾಜಪೇಟೆಯ ಟಿ.ಆರ್. ಮಿಲ್ ರುದ್ರಭೂಮಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅವರನ್ನು ಮಣ್ಣು ಮಾಡಿದರು. ಮಂತ್ರವಿಲ್ಲ, ವಿಭೂತಿಯಿಲ್ಲ, ಸ್ವಾಮಿಗಳ ಪಾದವಿಲ್ಲ. ಗೌರಿ ಯಾವ ಧರ್ಮದ ವಿಧಿಯನ್ನೂ ಒಪ್ಪಿದವರಲ್ಲ, ಆದ್ದರಿಂದ ವಿಧಿ ಬೇಡ ಎಂದು ಮನೆಯವರು ನಿರ್ಧರಿಸಿದ್ದರು. ಆದರೂ ಹೂಳುವುದೇ ಲಿಂಗಾಯತರ ಪದ್ಧತಿ, ರುದ್ರಭೂಮಿಯೂ ಲಿಂಗಾಯತರದು. ನಾರಣಪ್ಪನ ಹೆಣ ಎತ್ತುವುದಕ್ಕೆ ಅಗ್ರಹಾರದ ಒಬ್ಬನೂ ಬರಲಿಲ್ಲ. ಇಲ್ಲಿ ಹೆಗಲು ಕೊಡಲು ನೂಕುನುಗ್ಗಲು. ಬಂದವರಲ್ಲಿ ಯಾರು ಯಾವ ಜಾತಿ ಎಂದು ಆ ಸಂಜೆ ಯಾರೂ ಕೇಳಲಿಲ್ಲ. ಸೂತಕ ಕಳೆಯಲು ಮನೆಗೆ ಹೋಗಿ ನೀರು ಹೊಯ್ದುಕೊಂಡವರು ಎಷ್ಟು ಮಂದಿಯೋ, ಅದು ಅವರವರ ಬಚ್ಚಲಿಗೆ ಬಿಟ್ಟ ವಿಷಯ.

ಅದೇ ತಿಂಗಳ ಕೊನೆಯ ವಾರಗಳಲ್ಲಿ ಮೈಸೂರು ದಸರಾ ಬಂತು. ಉದ್ಘಾಟಿಸಿದವರು ಕವಿ ನಿಸಾರ್ ಅಹಮದ್. ಎಂಟು ವರ್ಷ ಕಳೆದು, ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯ ಇಂಗ್ಲಿಷ್ ರೂಪಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದ 2025ರಲ್ಲಿ, ಸರ್ಕಾರ ಅದೇ ಕೆಲಸಕ್ಕೆ ಅವರನ್ನು ಕರೆಯಿತು. ಈ ಸಲ ದೊಡ್ಡ ಗದ್ದಲವಾಯಿತು. ಕನ್ನಡವನ್ನು ಭುವನೇಶ್ವರಿಯೆಂಬ ದೇವಿಯನ್ನಾಗಿ ಮಾಡಿದ್ದರ ಬಗ್ಗೆ ಅವರು ಹಿಂದೆ ಆಡಿದ್ದ ಮಾತನ್ನು ಹುಡುಕಿ ತೆಗೆದರು. ಮೂರ್ತಿಪೂಜೆ ಒಪ್ಪದ ಧರ್ಮದವರು ಚಾಮುಂಡಿಗೆ ಹೂವು ಹಾಕಬಹುದೇ, ದೀಪ ಹಚ್ಚಬಹುದೇ ಎಂದು ಹೈಕೋರ್ಟಿಗೆ ಹೋದರು, ಅಲ್ಲಿ ಆಗದೆ ಸುಪ್ರೀಂ ಕೋರ್ಟಿಗೂ ಹೋದರು. ಅರ್ಜಿಯನ್ನು ವಜಾ ಮಾಡಿದ ಸುಪ್ರೀಂ ಕೋರ್ಟ್ ಅರ್ಜಿದಾರರಿಗೆ ಸಂವಿಧಾನದ ಪೀಠಿಕೆಯನ್ನು ನೆನಪಿಸಿತು.

ಬಾನು ಅವರಿಗೆ ಇದು ಎರಡನೆಯ ಸಲ. ಹಿಂದೊಮ್ಮೆ ಮಸೀದಿಯ ಬಾಗಿಲಲ್ಲಿ ಹೆಣ್ಣು ಎಂದು ತಡೆದಿದ್ದರು, ಈಗ ಗುಡಿಯ ಬಾಗಿಲಲ್ಲಿ ಮುಸಲ್ಮಾನಳು ಎಂದು. ಸೆಪ್ಟೆಂಬರ್ 22ರ ಬೆಳಿಗ್ಗೆ ಆಂಜನೇಯನ ಬೀದಿಯ ಪತ್ರಿಕೆಯ ಹಳೆಯ ವರದಿಗಾರ್ತಿ ಚಾಮುಂಡಿಬೆಟ್ಟ ಹತ್ತಿದರು. ಪೊಲೀಸರ ಸಾಲು, ಟಿವಿ ಕ್ಯಾಮೆರಾಗಳ ಸಾಲು ದಾಟಿ ದೇವಸ್ಥಾನದ ಒಳಗೆ ಹೋದರು, ಮಂಗಳಾರತಿ ತೆಗೆದುಕೊಂಡರು. ಹೊರಗೆ ಬಂದು ಉತ್ಸವಮೂರ್ತಿಯ ಮುಂದೆ ನಿಂತು ಬುಟ್ಟಿಯಿಂದ ಒಂದು ಹಿಡಿ ಹೂವು ತೆಗೆದು ದೇವಿಯ ಮೇಲೆ ಹಾಕಿದರು.